ಎರಡು ಪರಮಾಣುವಿನ ಉಬ್ಬು, ಎಲೆಕ್ಟ್ರಾನಿಗೆ ಗುಡ್ಡ

ವಿಜ್ಞಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ನ್ಯಾನೊತಂತಿಗಳ, ಅಂದರೆ ನ್ಯಾನೊಮೀಟರಿನಲ್ಲಿ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಳೆಯುವಷ್ಟು ಸಣ್ಣ ತಂತಿಗಳ, ಬಗ್ಗೆ ಬರೆದಾಗ ‘ತಂತಿಯ ಮೈ ಒರಟಾಗಿದ್ದರೆ ಎಲೆಕ್ಟ್ರಾನಿನ ಹರಿವು ಕೆಡುತ್ತದೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ಮಂಗಳೂರು, ಉಡುಪಿ ಕಡೆಯಿಂದ ಆ ಒಂದು ಸಾಲನ್ನೇ ಹಿಡಿದು ಬಂದ ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ತಂತಿಯ ಮೈಮೇಲೆ ಒಂದೆರಡು ಪರಮಾಣು ಹೆಚ್ಚುಕಡಿಮೆಯಾದರೆ ಏನು ಮಹಾ? ಮನೆಯ ವೈರಿಗೆ ಗೀರು ಬಿದ್ದರೂ ಬಲ್ಬು ಉರಿಯುತ್ತದಲ್ಲ?
(ಪಿಯು ವಿದ್ಯಾರ್ಥಿ, ಉಡುಪಿ)

ಮನೆಯ ತಾಮ್ರದ ವೈರು ಸುಮಾರು ಒಂದು ಮಿಲಿಮೀಟರ್ ದಪ್ಪ. ಅದರೊಳಗೆ ಎಲೆಕ್ಟ್ರಾನು ಸುಮಾರು 40 ನ್ಯಾನೊಮೀಟರ್ ಸಾಗುವಷ್ಟರಲ್ಲೇ ಪರಮಾಣುಗಳ ಕಂಪನಕ್ಕೆ ಸಿಕ್ಕಿ ದಿಕ್ಕು ಬದಲಿಸಿಬಿಡುತ್ತದೆ. ಹೊರಮೈ ಎಲ್ಲಿದೆ ಎಂಬುದು ಹೆಚ್ಚಿನ ಎಲೆಕ್ಟ್ರಾನುಗಳಿಗೆ ಗೊತ್ತೇ ಆಗುವುದಿಲ್ಲ. 5 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ತಂತಿಯಲ್ಲಿ ಹಾಗಲ್ಲ. ಅಲ್ಲಿ ಎಲೆಕ್ಟ್ರಾನಿನ ಅಲೆ ಈ ಗೋಡೆಯಿಂದ ಆ ಗೋಡೆಯವರೆಗೆ ತುಂಬಿಕೊಂಡಿರುತ್ತದೆ. ಗೋಡೆ ಒಂದು ಕೂದಲೆಳೆ ಸರಿದರೂ ಅದರ ಶಕ್ತಿ ಬದಲಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನಿನ ಕನಿಷ್ಠ ಶಕ್ತಿ ಪೆಟ್ಟಿಗೆಯ ಅಗಲದ ವರ್ಗಕ್ಕೆ ವಿಲೋಮವಾಗಿರುತ್ತದೆ. ಸ್ವತಂತ್ರ ಎಲೆಕ್ಟ್ರಾನಿಗೆ 1 ನ್ಯಾನೊಮೀಟರ್ ಅಗಲದ ಪೆಟ್ಟಿಗೆಯಲ್ಲಿ ಅದು 376 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಸಿಲಿಕಾನಿನಲ್ಲಿ ಅಡ್ಡ ದಿಕ್ಕಿನಲ್ಲಿ ಎಲೆಕ್ಟ್ರಾನು ತನ್ನ ತೂಕದ 0.19 ಪಾಲು ಮಾತ್ರ ಇದ್ದಂತೆ ವರ್ತಿಸುತ್ತದೆ. ಆದ್ದರಿಂದ 5 ನ್ಯಾನೊಮೀಟರ್ ಅಗಲದಲ್ಲಿ ಕನಿಷ್ಠ ಶಕ್ತಿ 79 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಆಗುತ್ತದೆ. ಈಗ ತಂತಿ ಒಂದು ಕಡೆ 0.3 ನ್ಯಾನೊಮೀಟರ್, ಅಂದರೆ ಸುಮಾರು ಎರಡು ಪರಮಾಣು ಮೆಟ್ಟಿಲಿನಷ್ಟು, ಕಿರಿದಾಯಿತು ಎನ್ನಿ. ಆ ಜಾಗದಲ್ಲಿ ಕನಿಷ್ಠ ಶಕ್ತಿ 10 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಏರುತ್ತದೆ. ಎಲೆಕ್ಟ್ರಾನಿನ ಪಾಲಿಗೆ ದಾರಿಯಲ್ಲೊಂದು ದಿಬ್ಬ ಎದ್ದಂತೆ.

ಇದೇ 0.3 ನ್ಯಾನೊಮೀಟರ್ ಕಿರಿದಾಗುವಿಕೆ 10 ನ್ಯಾನೊಮೀಟರ್ ತಂತಿಯಲ್ಲಿ ಎಬ್ಬಿಸುವ ದಿಬ್ಬ ಬರೀ 1.2 ಮಿಲಿ ಎಲೆಕ್ಟ್ರಾನ್‌ವೋಲ್ಟ್. 3 ನ್ಯಾನೊಮೀಟರ್ ತಂತಿಯಲ್ಲಿ ಅದು ಸುಮಾರು 52. ಕೋಣೆಯ ತಾಪದಲ್ಲಿ ಎಲೆಕ್ಟ್ರಾನಿಗೆ ಸಿಗುವ ಉಷ್ಣಶಕ್ತಿ 26 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಹಾಗಾಗಿ 10 ನ್ಯಾನೊಮೀಟರ್ ತಂತಿಯಲ್ಲಿ ದಿಬ್ಬ ಲೆಕ್ಕಕ್ಕಿಲ್ಲ, 3 ನ್ಯಾನೊಮೀಟರಿನದರಲ್ಲಿ ಅದು ಉಷ್ಣಶಕ್ತಿಯ ಎರಡು ಪಟ್ಟು. ಗೋಡೆ ಅನಂತ ಎತ್ತರದ್ದು ಎಂದು ಹಿಡಿದು ಹಾಕಿದ ಸರಳ ಲೆಕ್ಕ ಇದು. ನಿಜದ ಗೋಡೆಯೊಳಗೆ ಅಲೆ ತುಸು ನುಗ್ಗುವುದರಿಂದ ನಿಜದ ಅಂಕಿಗಳು ಸ್ವಲ್ಪ ಕಡಿಮೆ ಬರುತ್ತವೆ, ಆದರೆ ಪ್ರವೃತ್ತಿ ಬದಲಾಗದು.

ದಿಬ್ಬದ ಎತ್ತರ ಅಗಲದ ಘನಕ್ಕೆ ವಿಲೋಮ. ಎಲೆಕ್ಟ್ರಾನು ಚದುರುವ ದರ ದಿಬ್ಬದ ಎತ್ತರದ ವರ್ಗದಂತೆ ಏರುತ್ತದೆ. ಎರಡನ್ನೂ ಸೇರಿಸಿದರೆ ಅಗಲದ ಆರನೇ ಘಾತ! ಅಗಲ ಅರ್ಧವಾದರೆ ಗೋಡೆಯಿಂದಾಗುವ ಚದುರಿಕೆ 64 ಪಟ್ಟು. ಗ್ಯಾಲಿಯಂ ಆರ್ಸೆನೈಡಿನ ತೆಳು ಪದರಗಳಲ್ಲಿ ಸಕಾಕಿ ಮತ್ತು ಸಂಗಡಿಗರು 1987ರಲ್ಲಿ ಈ ಆರನೇ ಘಾತದ ನಿಯಮವನ್ನು ಅಳೆದು ತೋರಿಸಿದರು. ‘ಒಂದೆರಡು ಪರಮಾಣು ಏನು ಮಹಾ’ ಎಂಬ ಪ್ರಶ್ನೆಗೆ ಉತ್ತರ ಈ ಆರನೇ ಘಾತದಲ್ಲೇ ಇದೆ.

ಪ್ರಶ್ನೆ: ನಮ್ಮ ಸಿಲಿಕಾನ್ ಮೇಲ್ಮೈಯ ಒರಟುತನ ಎಎಫ್‌ಎಂನಲ್ಲಿ (ಸೂಜಿಯಿಂದ ಮೈ ತಡವಿ ಎತ್ತರ ಅಳೆಯುವ ಸೂಕ್ಷ್ಮದರ್ಶಕ) 0.1 ನ್ಯಾನೊಮೀಟರಿಗಿಂತ ಕಡಿಮೆ ಬಂದಿದೆ. ಆದರೂ ಎಲೆಕ್ಟ್ರಾನ್ ಚಲನಶೀಲತೆ (ಎಲೆಕ್ಟ್ರಾನು ಎಷ್ಟು ಸಲೀಸಾಗಿ ಚಲಿಸುತ್ತದೆ ಎಂಬ ಅಳತೆ) ತೀರಾ ಕಳಪೆ. ಒರಟುತನವನ್ನು ಕಾರಣಗಳ ಪಟ್ಟಿಯಿಂದ ತೆಗೆಯಬಹುದೇ?
(ಎಂ.ಟೆಕ್. ವಿದ್ಯಾರ್ಥಿ, ಸುರತ್ಕಲ್)

ತೆಗೆಯಬೇಡಿ. ನೀವು ಅಳೆದದ್ದು ಮೇಲ್ಮೈಯನ್ನಲ್ಲ, ಸೂಜಿಯ ಮೊನೆಗೆ ಕಂಡ ಮೇಲ್ಮೈಯನ್ನು.

ಸಾಮಾನ್ಯ ಎಎಫ್‌ಎಂ ಸೂಜಿಯ ಮೊನೆ ಚೂಪಲ್ಲ, ಸುಮಾರು 8 ನ್ಯಾನೊಮೀಟರ್ ತ್ರಿಜ್ಯದ ಗುಂಡು. ಆ ಗುಂಡನ್ನು 2 ನ್ಯಾನೊಮೀಟರ್ ಅಗಲದ ತಗ್ಗಿನ ಮೇಲಿಟ್ಟರೆ ಎಷ್ಟು ಆಳ ಇಳಿದೀತು? ಅಗಲದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ: 4 ಭಾಗಿಸು 64, ಅಂದರೆ 0.06 ನ್ಯಾನೊಮೀಟರ್. ತಗ್ಗು ನಿಜವಾಗಿ 0.3 ನ್ಯಾನೊಮೀಟರ್ ಆಳವಿದ್ದರೂ ಸೂಜಿಗೆ ಕಾಣುವುದು ಅಷ್ಟೇ. ಮುರಕಲ್ಲಿನ ಗೋಡೆಯ ಸಣ್ಣ ತೂತಿನ ಆಳವನ್ನು ತೆಂಗಿನಕಾಯಿ ಉರುಳಿಸಿ ಅಳೆದ ಹಾಗೆ.

ಒರಟುತನವನ್ನು ಒಂದು ಸಂಖ್ಯೆಯಲ್ಲಿ ಹೇಳಿ ಮುಗಿಸುವ ಅಭ್ಯಾಸವೇ ಇಲ್ಲಿ ದೊಡ್ಡ ತೊಡಕು. ಕನಿಷ್ಠ ಎರಡು ಸಂಖ್ಯೆ ಬೇಕು. ಉಬ್ಬುತಗ್ಗಿನ ಸರಾಸರಿ ಎತ್ತರ ಒಂದು. ಒಂದು ಉಬ್ಬಿನ ಪ್ರಭಾವ ಎಷ್ಟು ದೂರಕ್ಕೆ ಅಳಿಯುತ್ತದೆ ಎಂಬ ಸಹಸಂಬಂಧ ದೂರ ಇನ್ನೊಂದು. ಸಿಲಿಕಾನ್ ಮತ್ತು ಅದರ ಆಕ್ಸೈಡಿನ ಗಡಿಯಲ್ಲಿ ಮೊದಲನೆಯದು ಸಾಧಾರಣವಾಗಿ 0.2ರಿಂದ 0.5 ನ್ಯಾನೊಮೀಟರ್, ಎರಡನೆಯದು 1ರಿಂದ 3 ನ್ಯಾನೊಮೀಟರ್.

ಎರಡನೆಯದು ಏಕೆ ಮುಖ್ಯ? ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತ ತಡೆಗೋಡೆಯ ಬಳಿ ನಿಂತು ನೋಡಿ. ಹತ್ತಾರು ಮೀಟರ್ ಉದ್ದದ ದೊಡ್ಡ ತೆರೆಗೆ ಆ ಬಂಡೆಗಳ ಸಾಲು ಒಂದು ನೇರ ಗೋಡೆ. ಮೊಳದುದ್ದದ ಕಿರುದೆರೆಗೆ ಒಂದೊಂದು ಬಂಡೆಯೂ ಬೇರೆ. ಅದು ಸಿಕ್ಕಸಿಕ್ಕ ಕಡೆ ಚದುರುತ್ತದೆ. ಅಲೆಯ ಅಳತೆ ಮತ್ತು ಉಬ್ಬಿನ ಅಳತೆ ಎರಡೂ ಸೇರಿಯೇ ಫಲ. ತಂತಿಯಲ್ಲಿ ಎಲೆಕ್ಟ್ರಾನನ್ನು ಹಿಂದಕ್ಕೆ ತಳ್ಳುವುದು ತರಂಗಾಂತರದ ಅರ್ಧದಷ್ಟು ಅಂತರದಲ್ಲಿ ಮರುಕಳಿಸುವ ಉಬ್ಬುಗಳು. ಸಹಸಂಬಂಧ ಘಾತೀಯವಾಗಿ ಇಳಿಯುವ ಮೇಲ್ಮೈಯಾದರೆ, ತರಂಗಾಂತರವನ್ನು 12.6ರಿಂದ, ಅಂದರೆ ಪೈಯ ನಾಲ್ಕು ಪಟ್ಟಿನಿಂದ, ಭಾಗಿಸಿದಷ್ಟು ಸಹಸಂಬಂಧ ದೂರವೇ ಅತಿ ಕೆಟ್ಟದ್ದು. ಸಿಲಿಕಾನಿನಲ್ಲಿ 26 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಚಲನಶಕ್ತಿಯ ಎಲೆಕ್ಟ್ರಾನಿನ ತರಂಗಾಂತರ ಸುಮಾರು 17.5 ನ್ಯಾನೊಮೀಟರ್. ಭಾಗಿಸಿದರೆ 1.4 ನ್ಯಾನೊಮೀಟರ್. ಸಿಲಿಕಾನಿನ ಗಡಿ ತಾನಾಗಿಯೇ ಹೊಂದಿರುವ ಅಂಕಿಯೂ ಸರಿಸುಮಾರು ಇದೇ! ಎಎಫ್‌ಎಂ ಸೂಜಿಗೆ ಕಾಣದೇ ಹೋಗುವುದೂ ಇದೇ ಅಳತೆಯ ಉಬ್ಬು.

ಅಡ್ಡಕೊಯ್ತದ ಟಿಇಎಂ (ತೆಳು ಹಾಳೆಯ ಮೂಲಕ ಎಲೆಕ್ಟ್ರಾನು ಹಾಯಿಸುವ ಸೂಕ್ಷ್ಮದರ್ಶಕ) ಚಿತ್ರ ಇದಕ್ಕಿಂತ ಮೇಲು. ಆದರೆ ಕೊಯ್ದ ಹಾಳೆ 50 ನ್ಯಾನೊಮೀಟರ್ ದಪ್ಪವಿದ್ದರೆ ಆ ದಪ್ಪದಲ್ಲಿ ಇಪ್ಪತ್ತೈದು ಉಬ್ಬುಗಳು ಒಂದರ ಮೇಲೊಂದು ಬಿದ್ದು ಗಡಿ ಇದ್ದುದಕ್ಕಿಂತ ನಯವಾಗಿ ಕಾಣುತ್ತದೆ. ಹಾಳೆ ಆದಷ್ಟು ತೆಳುವಾಗಿರಲಿ, ಅದರ ದಪ್ಪವನ್ನು ವರದಿಯಲ್ಲಿ ತಪ್ಪದೆ ಬರೆಯಿರಿ. 1985ರಲ್ಲಿ ಗುಡ್‌ನಿಕ್ ಮತ್ತು ಸಂಗಡಿಗರು ಇಂಥ ಚಿತ್ರಗಳಿಂದಲೇ ಸಿಲಿಕಾನ್ ಗಡಿಯ ಸಹಸಂಬಂಧ ಗಂಟೆಯಾಕಾರದ ಗಾಸಿಯನ್‌ಗಿಂತ ಘಾತೀಯ ರೂಪಕ್ಕೆ ಚೆನ್ನಾಗಿ ಹೊಂದುತ್ತದೆ ಎಂದು ಕಂಡುಕೊಂಡರು.

ಪ್ರಶ್ನೆ: ಒರಟು ತಂತಿಯ ವಾಹಕತೆಗೆ ಪೈಥಾನ್‌ನಲ್ಲಿ ಕ್ವಾಂಟ್ ಪ್ಯಾಕೇಜ್ ಬಳಸಿ ಕೋಡ್ ಬರೆಯುತ್ತಿದ್ದೇನೆ. ಓಡಿಸಿದಾಗಲೆಲ್ಲ ಬೇರೆ ಬೇರೆ ಉತ್ತರ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
(ಎಂ.ಎಸ್ಸಿ. ವಿದ್ಯಾರ್ಥಿನಿ, ಕೊಣಾಜೆ)

ಓಡಿಸಿದಾಗಲೆಲ್ಲ ಉತ್ತರ ಬೇರೆಯಾಗುವುದು ತಪ್ಪಲ್ಲ, ಅದೇ ಇಲ್ಲಿಯ ಭೌತವಿಜ್ಞಾನ. ಎತ್ತರ, ಸಹಸಂಬಂಧ ದೂರ ಒಂದೇ ಆಗಿರುವ ಎರಡು ತಂತಿಗಳ ಉಬ್ಬುಗಳು ಬೇರೆ ಬೇರೆ ಜಾಗದಲ್ಲಿರುತ್ತವೆ. ಅಲೆಗಳು ಸೇರುವ, ಅಳಿಯುವ ರೀತಿಯೂ ಬೇರೆಯಾಗುತ್ತದೆ. ಆದರೂ ಕೋಡನ್ನು ನಂಬುವ ಮೊದಲು ಕೆಲವು ಪರೀಕ್ಷೆ ಆಗಲೇಬೇಕು.

ಮೊದಲು ಒರಟುತನವನ್ನು ಸೊನ್ನೆ ಮಾಡಿ. ಜಾಲಕದ (ಲೆಕ್ಕಕ್ಕಾಗಿ ತಂತಿಯನ್ನು ಒಡೆದ ಬಿಂದುಗಳ ಬಲೆ) ಬಿಂದುಗಳ ಅಂತರ 0.136 ನ್ಯಾನೊಮೀಟರ್ ಇಟ್ಟುಕೊಳ್ಳಿ. ಅದು ಸಿಲಿಕಾನ್ ಹರಳಿನ (100) ಎಂಬ ಮುಖದ ಒಂದು ಪರಮಾಣು ಮೆಟ್ಟಿಲಿನ ಎತ್ತರ. ಆಗ ಪಕ್ಕದ ಬಿಂದುಗಳ ನಡುವಿನ ಜಿಗಿತದ ಶಕ್ತಿ 0.19 ತೂಕಕ್ಕೆ 10.8 ಎಲೆಕ್ಟ್ರಾನ್‌ವೋಲ್ಟ್ ಬರಬೇಕು. ಅಡ್ಡಕ್ಕೆ 36 ಬಿಂದು ಇಟ್ಟರೆ ತಂತಿಯ ಅಗಲ 36 ಅಂತರವಲ್ಲ, 37. ಅಲೆ ಸೊನ್ನೆಯಾಗುವುದು ಕೊನೆಯ ಬಿಂದುವಿನಾಚೆಯ ಖಾಲಿ ಜಾಗದಲ್ಲಿ. ಇದನ್ನು ಮರೆತರೆ ಶಕ್ತಿಯ ಅಂಕಿಗಳೆಲ್ಲ ಐದಾರು ಪ್ರತಿಶತ ತಪ್ಪುತ್ತವೆ. ಅಗಲ 5.03 ನ್ಯಾನೊಮೀಟರ್ ಆದಾಗ ಮೊದಲ ದಾರಿ (ಅಲೆ ತಂತಿಯ ಅಡ್ಡಕ್ಕೆ ತುಂಬಿಕೊಳ್ಳುವ ಒಂದೊಂದು ಬಗೆಯೂ ಒಂದು ದಾರಿ) 78 ಮಿಲಿ ಎಲೆಕ್ಟ್ರಾನ್‌ವೋಲ್ಟಿಗೆ ತೆರೆಯಬೇಕು, ಎರಡನೆಯದು ಅದರ ನಾಲ್ಕು ಪಟ್ಟಿಗೆ, ಸುಮಾರು 313ಕ್ಕೆ. ನಡುವೆ ಪ್ರಸರಣ (ತಂತಿಯನ್ನು ದಾಟಿ ಹೋಗುವ ಪಾಲು) ಕರಾರುವಾಕ್ಕಾಗಿ 1. 0.98 ಬಂದರೂ ಒಪ್ಪಬೇಡಿ, ಹೆಚ್ಚಾಗಿ ತಂತಿ ಮತ್ತು ಲೀಡ್ (ಎಲೆಕ್ಟ್ರಾನನ್ನು ತಂತಿಗೆ ತರುವ, ಒಯ್ಯುವ ತುದಿ) ಸೇರುವಲ್ಲಿ ಒಂದು ಬಿಂದು ಹೆಚ್ಚುಕಡಿಮೆಯಾಗಿರುತ್ತದೆ. ಒಂದೊಂದು ದಾರಿ ತೆರೆದಾಗಲೂ ವಾಹಕತೆ ಏರುವ ಈ ಮೆಟ್ಟಿಲುಗಳು ಕಾಗದದ ಮೇಲಿನವಲ್ಲ: 1988ರಲ್ಲಿ ನೆದರ್ಲೆಂಡ್ಸಿನ ವಾನ್ ವೀಸ್ ತಂಡ, ಇಂಗ್ಲೆಂಡಿನ ವಾರಮ್ ತಂಡ ಇವನ್ನು ಪ್ರಯೋಗದಲ್ಲಿ ಕಂಡವು. ಒಂದೊಂದು ಮೆಟ್ಟಿಲಿನ ಎತ್ತರ 77.5 ಮೈಕ್ರೊಸೀಮೆನ್ಸ್, ರೋಧದಲ್ಲಿ ಹೇಳುವುದಾದರೆ 12.9 ಕಿಲೊಓಮ್.

ಈಗ ಒರಟುತನ ಸೇರಿಸಿ. ಪ್ರತಿ ಬಿಂದುವಿಗೂ ಸ್ವತಂತ್ರ ಯಾದೃಚ್ಛಿಕ ಸಂಖ್ಯೆ ಹಾಕುವುದು ಬಹಳ ಜನ ಮಾಡುವ ತಪ್ಪು. ಹಾಗೆ ಮಾಡಿದರೆ ಸಹಸಂಬಂಧ ದೂರವೇ ಇಲ್ಲದ ಗರಗಸದ ಹಲ್ಲು ಸಿಗುತ್ತದೆ, ಜಾಲಕ ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಘಾತೀಯ ಸಹಸಂಬಂಧಕ್ಕೆ ಸುಲಭದ ದಾರಿ ಇದೆ. ಸಹಸಂಬಂಧ ದೂರ 1.5 ನ್ಯಾನೊಮೀಟರ್, ಎತ್ತರ 0.3 ಇರಲಿ. ಹಿಂದಿನ ಬಿಂದುವಿನ ಎತ್ತರವನ್ನು 0.913ರಿಂದ ಗುಣಿಸಿ, ಹೊಸದಾಗಿ ತೆಗೆದ ಗಾಸಿಯನ್ ಸಂಖ್ಯೆಯನ್ನು 0.407ರಿಂದ, ಮತ್ತೆ 0.3ರಿಂದ ಗುಣಿಸಿ ಕೂಡಿಸಿ. ಮುಂದಿನ ಬಿಂದುವಿನ ಎತ್ತರ ಅದೇ. ಬಿಂದುಗಳ ಅಂತರ ಭಾಗಿಸು ಸಹಸಂಬಂಧ ದೂರ, e ಸಂಖ್ಯೆಗೆ (2.718) ಇದರ ಋಣ ಘಾತ ಕೊಟ್ಟರೆ 0.913. ಅದರ ವರ್ಗವನ್ನು 1ರಿಂದ ಕಳೆದು ವರ್ಗಮೂಲ ತೆಗೆದರೆ 0.407. ಕೊನೆಗೆ ಎತ್ತರವನ್ನು ಹತ್ತಿರದ ಪರಮಾಣು ಮೆಟ್ಟಿಲಿಗೆ ದುಂಡಾಗಿಸಿ. ಎರಡು ಅಂಚಿಗೂ ಬೇರೆ ಬೇರೆ ಸರಣಿ ಬಳಸಿ. ಎರಡೂ ಅಂಚು ಒಟ್ಟೊಟ್ಟಿಗೆ ಒಂದೇ ಕಡೆ ಸರಿದರೆ ಅಗಲ ಬದಲಾಗದು, ತಂತಿ ಬರೀ ಹಾವಿನಂತೆ ಬಳುಕುತ್ತದೆ, ಚದುರಿಕೆ ಬಹಳ ಕಡಿಮೆ ಬರುತ್ತದೆ. ತಂತಿಯ ಎರಡೂ ತುದಿಯಲ್ಲಿ ಎತ್ತರವನ್ನು ಮೆಲ್ಲಗೆ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಲೀಡಿನ ಬಾಯಲ್ಲಿನ ಮೆಟ್ಟಿಲು ಕೊಡುವ ಪ್ರತಿಫಲನವನ್ನೇ ಒರಟುತನದ ಲೆಕ್ಕಕ್ಕೆ ಬರೆದುಬಿಡುತ್ತೀರಿ.

ಒಂದೊಂದು ಉದ್ದಕ್ಕೂ, 20, 40, 80, 160 ನ್ಯಾನೊಮೀಟರಿಗೆ, ಇನ್ನೂರು ತಂತಿಗಳನ್ನಾದರೂ ಓಡಿಸಿ. 160 ನ್ಯಾನೊಮೀಟರಿಗೂ ಸುಮಾರು ನಲವತ್ತೆರಡು ಸಾವಿರ ಬಿಂದುಗಳಷ್ಟೇ ಆಗುತ್ತವೆ, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಸರಾಸರಿ ತೆಗೆಯುವ ರೀತಿಯಲ್ಲೇ ಹೆಚ್ಚಿನವರು ಎಡವುವುದು. ಹಲವು ದಾರಿಗಳು ತೆರೆದಿರುವ ಶಕ್ತಿಯಲ್ಲಿ ದಾರಿಗಳ ಸಂಖ್ಯೆಯನ್ನು ಸರಾಸರಿ ಪ್ರಸರಣದಿಂದ ಭಾಗಿಸಿ ಉದ್ದದ ಎದುರು ಬರೆದರೆ ಒಂದರಿಂದ ಹೊರಡುವ ಸರಳರೇಖೆ ಸಿಗುತ್ತದೆ. ಅದರ ಇಳಿಜಾರಿನ ವಿಲೋಮವೇ ಸರಾಸರಿ ಮುಕ್ತಪಥ, ಅಂದರೆ ಎಲೆಕ್ಟ್ರಾನು ಚದುರದೆ ಸಾಗುವ ಸರಾಸರಿ ದೂರ. ಒಂದೇ ದಾರಿ ತೆರೆದಿದ್ದರೆ ಇದು ನಡೆಯದು. ಅಲ್ಲಿ ಹಿಂದೆ ಮುಂದೆ ಪುಟಿದ ಅಲೆಗಳು ಒಂದನ್ನೊಂದು ಅಳಿಸಿ ಎಲೆಕ್ಟ್ರಾನನ್ನು ಒಂದು ತುಂಡಿನಲ್ಲೇ ಸೆರೆಹಿಡಿಯುತ್ತವೆ. 1958ರಲ್ಲಿ ಆಂಡರ್ಸನ್ ಹೇಳಿದ ಸೆರೆ ಇದು. ಪ್ರಸರಣ ಉದ್ದದೊಂದಿಗೆ ಘಾತೀಯವಾಗಿ ಕುಸಿಯುತ್ತದೆ. ಅಲ್ಲಿ ಪ್ರಸರಣದ ನೇರ ಸರಾಸರಿಯನ್ನು ನಾಲ್ಕೈದು ಅದೃಷ್ಟವಂತ ತಂತಿಗಳೇ ಎಳೆದುಬಿಡುತ್ತವೆ. ಆದ್ದರಿಂದ ಪ್ರತಿ ತಂತಿಯ ಪ್ರಸರಣದ ಲಾಗರಿದಮ್ ತೆಗೆದು, ಅದರ ಸರಾಸರಿ ನೋಡಿ.

ಹೊಸ ದಾರಿ ತೆರೆಯುವ ಶಕ್ತಿಯಲ್ಲಿ ವಾಹಕತೆ ಏರುವ ಬದಲು ಗುಂಡಿಬಿದ್ದರೆ ಗಾಬರಿಯಾಗಬೇಡಿ. ಹೊಸ ದಾರಿಯ ಎಲೆಕ್ಟ್ರಾನು ಆಗಷ್ಟೇ ಹೊರಟಿದ್ದು, ತುಂಬ ನಿಧಾನ. ಒರಟುತನ ಹಳೆಯ ದಾರಿಯ ವೇಗದ ಎಲೆಕ್ಟ್ರಾನನ್ನೂ ಅದರೊಳಗೆ ತಳ್ಳಿ ಸಿಕ್ಕಿಸುತ್ತದೆ. ಗುಂಡಿ ಕಾಣಿಸಿದರೆ ನಿಮ್ಮ ಕೋಡ್ ಸರಿಯಾಗಿದೆ ಎಂಬುದಕ್ಕೆ ಅದೊಂದು ಒಳ್ಳೆಯ ಗುರುತು.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ನಮ್ಮ ತಂತಿಯ ವಾಹಕತೆ ಬೆಳಗ್ಗೆ ಒಂದು, ಸಂಜೆ ಇನ್ನೊಂದು. ಗೇಟ್ ವೋಲ್ಟೇಜ್ (ತಂತಿಯೊಳಗಿನ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವ ವೋಲ್ಟೇಜ್) ಏರಿಸುವಾಗ, ಇಳಿಸುವಾಗ ರೇಖೆ ಬೇರೆ ಬೇರೆ. ಇದು ಒರಟುತನವೇ?
(ಸಂಶೋಧನಾ ವಿದ್ಯಾರ್ಥಿ, ಮಣಿಪಾಲ)

ಅಲ್ಲ. ಒರಟುತನ ಬೆಳಗಿನಿಂದ ಸಂಜೆಗೆ ಬದಲಾಗುವುದಿಲ್ಲ. ಕರಾವಳಿಯ ಜೂನ್, ಜುಲೈ ಗಾಳಿಯಲ್ಲಿ ತೆರೆದಿಟ್ಟ ತಂತಿಯ ಆಕ್ಸೈಡಿನ ಮೇಲೆ ನೀರಿನ ಪದರ ಕೂರುತ್ತದೆ, ಅದರಲ್ಲಿ ವಿದ್ಯುದಂಶ ಸಿಕ್ಕಿಬಿದ್ದು ಬಿಡಿಸಿಕೊಳ್ಳುತ್ತಾ ಇರುತ್ತದೆ. ರೇಖೆ ಎರಡಾಗುವುದು ಅದರಿಂದ. ಮಾದರಿಯನ್ನು ನಿರ್ವಾತದಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ಹೊರಗೆ ತೆಗೆಯದೆ ಅಲ್ಲೇ ಅಳೆಯಿರಿ. ರೇಖೆಗಳ ನಡುವಿನ ಅಂತರ ಕುಗ್ಗಿದರೆ ತಪ್ಪು ನೀರಿನದು. ಅಳತೆ ಇಲ್ಲದ ದಿನ ಮಾದರಿ ಒಣ ಸಾರಜನಕದ ಡೆಸಿಕೇಟರಿನಲ್ಲಿರಲಿ, ಸಿಲಿಕಾ ಜೆಲ್ಲಿನ ಬಣ್ಣವನ್ನು ಮಳೆಗಾಲದಲ್ಲಿ ದಿನಾ ನೋಡಿ.

ಅದು ತೀರಿದ ಮೇಲೆ ಒರಟುತನವನ್ನು ಉಳಿದವುಗಳಿಂದ ಬೇರ್ಪಡಿಸಬಹುದು. ನಾಲ್ಕು ತುದಿಗಳಿಂದ ಅಳೆದು ಸಂಪರ್ಕ ರೋಧವನ್ನು ಹೊರಗಿಡಿ. ತಂಪುಮಾಡುತ್ತಾ ಹೋಗಿ: ಪರಮಾಣು ಕಂಪನದಿಂದಾಗುವ ಚದುರಿಕೆ ತಾಪದೊಂದಿಗೆ ಇಳಿಯುತ್ತದೆ, ಒರಟುತನದ್ದು ಹಾಗೇ ಉಳಿಯುತ್ತದೆ. ಆಗ ಉಳಿದುಕೊಳ್ಳುವವು ಎರಡು, ಒರಟುತನ ಮತ್ತು ವಿದ್ಯುದಂಶವಿರುವ ಕಲ್ಮಶ. ಇವನ್ನು ಗೇಟ್ ಬೇರ್ಪಡಿಸುತ್ತದೆ. ಗೇಟ್ ವೋಲ್ಟೇಜ್ ಏರಿಸಿದರೆ ಎಲೆಕ್ಟ್ರಾನುಗಳು ಹೆಚ್ಚಿ ಕಲ್ಮಶದ ವಿದ್ಯುದಂಶವನ್ನು ಮುಚ್ಚುತ್ತವೆ, ಚಲನಶೀಲತೆ ಏರುತ್ತದೆ. ಇನ್ನೂ ಏರಿಸಿದರೆ ಎಲೆಕ್ಟ್ರಾನುಗಳು ಒರಟು ಗೋಡೆಗೆ ಒತ್ತಿಕೊಂಡು ಚಲನಶೀಲತೆ ಇಳಿಯತೊಡಗುತ್ತದೆ, ಸರಿಸುಮಾರು ಗೇಟಿನ ವಿದ್ಯುತ್ ಕ್ಷೇತ್ರದ ವರ್ಗಕ್ಕೆ ವಿಲೋಮವಾಗಿ. ಏರಿ ಇಳಿದ ರೇಖೆಯ ಬಲಬದಿಯ ಇಳಿಜಾರೇ ಒರಟುತನದ ಸಹಿ.

ಪ್ರಶ್ನೆ: ಚಿಪ್ಪಿನೊಳಗಿನ ತಾಮ್ರದ ಸಂಪರ್ಕ ತಂತಿಗಳಿಗೂ ಇದೇ ಆರನೇ ಘಾತದ ನಿಯಮವೇ?
(ಉಪನ್ಯಾಸಕರು, ಮೂಲ್ಕಿ)

ಇಲ್ಲ. ತಾಮ್ರದಲ್ಲಿ ಎಲೆಕ್ಟ್ರಾನಿನ ತರಂಗಾಂತರ ಸುಮಾರು 0.46 ನ್ಯಾನೊಮೀಟರ್, 10 ನ್ಯಾನೊಮೀಟರ್ ಚೌಕದ ತಂತಿಯಲ್ಲೂ ಸುಮಾರು 1,500 ದಾರಿಗಳು ತೆರೆದಿರುತ್ತವೆ. ಅಗಲ ತುಸು ಬದಲಾದರೆ ಅಷ್ಟರಲ್ಲಿ ಹತ್ತಿಪ್ಪತ್ತು ಹೋದೀತು, ಬಂದೀತು. ಅಲ್ಲಿಯ ಪ್ರಶ್ನೆ ಬೇರೆ: ಗೋಡೆಗೆ ಬಡಿದ ಎಲೆಕ್ಟ್ರಾನು ಕ್ಯಾರಂ ಕಾಯಿಯಂತೆ ಕೋನ ಕಾಯ್ದುಕೊಂಡು ಮರಳುತ್ತದೆಯೇ, ಚದುರುತ್ತದೆಯೇ ಎಂಬುದು. 1938ರಲ್ಲಿ ಫುಕ್ಸ್, 1952ರಲ್ಲಿ ಸೊಂಡ್‌ಹೈಮರ್ ಕಟ್ಟಿದ ಲೆಕ್ಕ ಇದಕ್ಕೆ ಸಾಕು. ತರಂಗಾಂತರ ಅಷ್ಟು ಕಿರಿದಾದ್ದರಿಂದ ಪರಮಾಣು ಮಟ್ಟದ ಒರಟುತನವೂ ಕನ್ನಡಿತನವನ್ನು ಕೆಡಿಸುತ್ತದೆ. ಜೊತೆಗೆ ಹರಳಿನ ಗಡಿಗಳೂ ಕಾಡುತ್ತವೆ. ರುಥೇನಿಯಂ ಗಟ್ಟಿಯಾಗಿದ್ದಾಗ ತಾಮ್ರಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ರೋಧದ ಲೋಹ, ಆದರೂ ಅತಿ ಕಿರಿದಾದ ತಂತಿಗಳಿಗೆ ಅದನ್ನು ಪರಿಗಣಿಸುತ್ತಿರುವುದಕ್ಕೆ ಒಂದು ಕಾರಣ ಇಲ್ಲಿದೆ: ಅದರ ಮುಕ್ತಪಥ ತಾಮ್ರದ 39ರ ಬದಲು 7 ನ್ಯಾನೊಮೀಟರಿನ ಆಸುಪಾಸು. ಮೊದಲೇ ಅಷ್ಟು ಬೇಗ ಚದುರುವುದಕ್ಕೆ ಗೋಡೆ ಹೊಸದಾಗಿ ಮಾಡುವ ಹಾನಿ ಕಡಿಮೆ.

ಪ್ರಶ್ನೆ: ಒರಟುತನದಿಂದ ಉಪಯೋಗವೇ ಇಲ್ಲವೇ?
(ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು)

ಇದೆ. ಶಾಖವನ್ನು ವಿದ್ಯುತ್ತಾಗಿಸುವ ವಸ್ತುವಿನಲ್ಲಿ ವಿದ್ಯುತ್ ಹರಿಯಬೇಕು, ಶಾಖ ಹರಿಯಬಾರದು. ಸಿಲಿಕಾನಿನಲ್ಲಿ ಶಾಖ ಹೊರುವ ಕಂಪನಗಳು ನೂರಾರು ನ್ಯಾನೊಮೀಟರ್ ತಡೆಯಿಲ್ಲದೆ ಓಡುತ್ತವೆ. ಹೆಚ್ಚು ಡೋಪ್ ಮಾಡಿದಾಗ (ಬೇರೆ ಧಾತುವಿನ ಪರಮಾಣು ಬೆರೆಸಿದಾಗ) ಎಲೆಕ್ಟ್ರಾನು ಕೆಲವೇ ನ್ಯಾನೊಮೀಟರಿಗೆ ಚದುರುತ್ತದೆ. 50 ನ್ಯಾನೊಮೀಟರ್ ದಪ್ಪದ ಒರಟು ತಂತಿ ಮೊದಲನೆಯದನ್ನು ತಡೆಯುತ್ತದೆ, ಎರಡನೆಯದಕ್ಕೆ ಅಷ್ಟಾಗಿ ತಾಗುವುದಿಲ್ಲ. 2008ರಲ್ಲಿ ಹೋಚ್‌ಬಾಮ್ ಮತ್ತು ಸಂಗಡಿಗರು ಅಂಥ ತಂತಿಗಳಲ್ಲಿ ಉಷ್ಣವಾಹಕತೆ ಸುಮಾರು ನೂರು ಪಟ್ಟು ಇಳಿದದ್ದನ್ನು ವರದಿ ಮಾಡಿದರು. 5 ನ್ಯಾನೊಮೀಟರ್ ತಂತಿಗೆ ಈ ಉಪಾಯ ಹೊಂದದು. ಅಲ್ಲಿ ಎಲೆಕ್ಟ್ರಾನೂ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಎಚ್ಚಿಂಗ್ ಮಾಡಿ (ಬೇಡದ ಭಾಗ ಕೊರೆದು) ತೆಗೆದ ಸಿಲಿಕಾನ್ ತಂತಿಯನ್ನು ನಯಗೊಳಿಸುವುದು ಹೇಗೆ?
(ಎಂ.ಟೆಕ್. ವಿದ್ಯಾರ್ಥಿನಿ, ಸುರತ್ಕಲ್)

ಮೊದಲು ಶುಚಿಗೊಳಿಸುವ ದ್ರಾವಣವನ್ನೇ ಅನುಮಾನಿಸಿ. ಅಮೋನಿಯಾ, ಹೈಡ್ರೊಜನ್ ಪೆರಾಕ್ಸೈಡ್, ನೀರು 1:1:5 ಪ್ರಮಾಣದ ವಾಡಿಕೆಯ ಎಸ್‌ಸಿ-1 ಬಿಸಿಯಾಗಿರುವಾಗ ಸಿಲಿಕಾನನ್ನೂ ಕೊರೆಯುತ್ತದೆ, ಮೈಯನ್ನು ತರಿತರಿ ಮಾಡುತ್ತದೆ. ಅಮೋನಿಯಾವನ್ನು ಕಾಲು ಪಾಲಿಗೆ ಇಳಿಸಿದರೂ ಶುಚಿ ಕೆಡುವುದಿಲ್ಲ, ಒರಟುತನ ಕಡಿಮೆಯಾಗುತ್ತದೆ.

ಆಮೇಲೆ ತ್ಯಾಗದ ಆಕ್ಸೈಡ್. ಒಣ ಆಮ್ಲಜನಕದಲ್ಲಿ ತೆಳು ಆಕ್ಸೈಡ್ ಬೆಳೆಸಿ, ಅದನ್ನು ದುರ್ಬಲ ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಕರಗಿಸುವುದು. ಹೊರಚಾಚಿದ ಮೊನೆಗಳು ಆಕ್ಸೈಡಿನ ಜೊತೆ ಹೋಗುತ್ತವೆ. 1 ನ್ಯಾನೊಮೀಟರ್ ಆಕ್ಸೈಡ್ 0.44 ನ್ಯಾನೊಮೀಟರ್ ಸಿಲಿಕಾನನ್ನು ತಿನ್ನುತ್ತದೆ, ಅದೂ ತಂತಿಯ ಎರಡೂ ಬದಿಯಿಂದ. 5 ನ್ಯಾನೊಮೀಟರ್ ಆಕ್ಸೈಡಿಗೆ ತಂತಿ 4.4 ನ್ಯಾನೊಮೀಟರ್ ಸಣ್ಣಗಾಗುತ್ತದೆ ಎಂದು ಮೊದಲೇ ಲೆಕ್ಕವಿಟ್ಟು ದಪ್ಪ ಬಿಟ್ಟುಕೊಳ್ಳಿ. ತೀರಾ ಕಿರಿದಾದ ದುಂಡು ತಂತಿಯಲ್ಲಿ ಒತ್ತಡ ಕೂಡಿ ಆಕ್ಸೈಡ್ ಬೆಳೆಯುವುದೇ ನಿಧಾನವಾಗುತ್ತದೆ, ಚಪ್ಪಟೆ ವೇಫರಿನ ಸಮಯದ ಪಟ್ಟಿ ಅಲ್ಲಿ ನಡೆಯದು.

ಎಲ್ಲಕ್ಕಿಂತ ನಯವಾಗಿಸುವುದು ಕಡಿಮೆ ಒತ್ತಡದ ಹೈಡ್ರೊಜನ್‌ನಲ್ಲಿ 850 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೆ ಕಾಯಿಸುವುದು. ಮೇಲ್ಮೈಯ ಪರಮಾಣುಗಳೇ ಉಬ್ಬಿನಿಂದ ತಗ್ಗಿಗೆ ಸರಿಯುತ್ತವೆ. ಸಮಯ ಮೀರಿದರೆ ಸಣ್ಣ ತಂತಿ, ನಲ್ಲಿಯ ನೀರಿನ ಎಳೆ ಹನಿಹನಿಯಾಗುವ ಹಾಗೆ, ಮಣಿಮಣಿಯಾಗಿ ತುಂಡಾಗುತ್ತದೆ. ಸುತ್ತಳತೆಗಿಂತ ಉದ್ದದ ಏರಿಳಿತಗಳು ಬೆಳೆಯುತ್ತಾ ಹೋಗುವುದೇ ಕಾರಣ. ಆದ್ದರಿಂದ ಒಂದೇ ಬಾರಿಗೆ ಹತ್ತು ನಿಮಿಷ ಇಡಬೇಡಿ. ಬಲಿಕೊಡಬಹುದಾದ ಮಾದರಿಯ ಮೇಲೆ ಒಂದು ನಿಮಿಷದಿಂದ ಶುರುಮಾಡಿ ಎಸ್‌ಇಎಂನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡುತ್ತಾ ಏರಿಸಿ. ಇಂಥ ಕುಲುಮೆ ಹತ್ತಿರ ಇಲ್ಲದಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಸೌಲಭ್ಯವನ್ನು ಹೊರಗಿನ ವಿದ್ಯಾರ್ಥಿಗಳು ಬಳಸಲು ಐಎನ್‌ಯುಪಿ ಯೋಜನೆ ಇದೆ, ಮಾರ್ಗದರ್ಶಕರ ಮೂಲಕ ಅರ್ಜಿ ಹಾಕಿ.

ಹೈಡ್ರೊಫ್ಲೋರಿಕ್ ಆಮ್ಲವನ್ನು ಗಾಜಿನ ಬೀಕರಿಗೆ ಎಂದೂ ಸುರಿಯಬೇಡಿ, ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನ್ ಮಾತ್ರ. ದುರ್ಬಲ ದ್ರಾವಣ ಚರ್ಮಕ್ಕೆ ತಾಗಿದರೆ ಆಗಲೇ ಉರಿಯದೆ ಗಂಟೆಗಟ್ಟಲೆ ಕಳೆದ ಮೇಲೆ ನೋವು ಬರಬಹುದು, ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಮನ್ನು ಹಿಡಿದಿರುತ್ತದೆ. 2.5 ಪ್ರತಿಶತ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಲ್ಲಿ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿದ ಮೇಲೆಯೇ ಬಾಟಲಿಯ ಮುಚ್ಚಳ ತೆರೆಯಿರಿ. ತಾಗಿದರೆ ಕೂಡಲೇ ಹರಿಯುವ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ತಾಗಿದ್ದು ಯಾವ ಆಮ್ಲ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.